ರಜೆಯ ಬೆಳಗಿನ ತಿಂಡಿ: ಹಿಂದಿನ ರಾತ್ರಿಯೇ ಮಾಡಿಡಲು ಯಾವುದು ಸರಿ?

ರಜೆಯ ಬೆಳಿಗ್ಗೆ ಯಾರೂ ಒಲೆಯ ಮುಂದೆ ನಿಲ್ಲಬಾರದು, ಆದರೆ ತಿಂಡಿ ಮಾತ್ರ ಹೊಟ್ಟೆ ತುಂಬುವಷ್ಟು, ಆದಷ್ಟು ಬಿಸಿಯಾಗಿ ಇರಬೇಕು. ಎರಡೂ ಆಗಬೇಕೆಂದರೆ ಕೆಲಸದ ಬಹುಪಾಲು ಹಿಂದಿನ ರಾತ್ರಿಯೇ ಮುಗಿದಿರಬೇಕು. ಹಾಗೆ ಮಾಡಿಡಲು ಒಗ್ಗುವ ನಾಲ್ಕು ತಿಂಡಿಗಳನ್ನು ಇಲ್ಲಿ ಎದುರುಬದುರು ಇಟ್ಟಿದ್ದೇವೆ: ಬ್ರೆಡ್ಡನ್ನು ಮೊಟ್ಟೆ-ಹಾಲಿನಲ್ಲಿ ನೆನೆಸಿ ಬೇಯಿಸುವ ಬೇಕ್, ದಾಲ್ಚಿನ್ನಿ ರೋಲ್, ಬೇಕ್ ಮಾಡಿದ ಓಟ್ಸ್, ತಣ್ಣಗೆ ನೆನೆಸಿಟ್ಟ ಓಟ್ಸ್.

ರುಚಿಯ ಮಾತು ಕೊನೆಗಿರಲಿ. ಮೊದಲು ಎರಡು ಲೆಕ್ಕ ಹಾಕಿಕೊಳ್ಳಿ. ಬೆಳಿಗ್ಗೆ ಎದ್ದವರ ಪಾಲಿಗೆ ಎಷ್ಟು ಕೆಲಸ ಉಳಿದಿರುತ್ತದೆ? ಮೊದಲು ಏಳುವವರಿಗೂ ಕೊನೆಗೆ ಏಳುವವರಿಗೂ ನಡುವೆ ಎಷ್ಟು ಹೊತ್ತಿನ ಅಂತರ? ರಾತ್ರಿ ಮಾಡಿಟ್ಟ ತಿಂಡಿ ಕೆಡುವುದು ಹೆಚ್ಚಾಗಿ ಅಳತೆಯ ತಪ್ಪಿನಿಂದಲ್ಲ, ಈ ಎರಡನೆಯ ಲೆಕ್ಕ ತಪ್ಪಿದ್ದರಿಂದ. ಏಳು ಗಂಟೆಗೆ ಓವನ್ನಿನಿಂದ ಇಳಿದದ್ದನ್ನು ಹತ್ತಕ್ಕೆ ತಿನ್ನುವವರಿಗೆ ಉಳಿಯುವುದು ತಣ್ಣಗಾಗಿ ಗಟ್ಟಿಯಾದ ತುಂಡು.

| ತಿಂಡಿ | ರಾತ್ರಿಯ ಕೆಲಸ | ಬೆಳಗಿನ ಕೈಗೆಲಸ | ತಟ್ಟೆಗೆ ಬರಲು ಬೇಕಾದ ಹೊತ್ತು | ಎಷ್ಟು ಹೊತ್ತು ಕಾಯುತ್ತದೆ |
|---|---|---|---|---|
| ಬ್ರೆಡ್-ಮೊಟ್ಟೆ ಬೇಕ್ | 30–40 ನಿಮಿಷ | 5 ನಿಮಿಷ | ಸುಮಾರು ಒಂದೂವರೆ ಗಂಟೆ | ಒಂದು ಗಂಟೆ |
| ದಾಲ್ಚಿನ್ನಿ ರೋಲ್ | ಎರಡೂವರೆ ಗಂಟೆ, ಹೆಚ್ಚಿನದು ಕಾಯುವುದೇ | 10 ನಿಮಿಷ | ಒಂದೂವರೆಯಿಂದ ಎರಡೂಕಾಲು ಗಂಟೆ | ಅರ್ಧ ಗಂಟೆ ಉತ್ತಮ, ಆಮೇಲೆ ಪರವಾಗಿಲ್ಲ |
| ಬೇಕ್ ಮಾಡಿದ ಓಟ್ಸ್ | 15 ನಿಮಿಷ ಕೆಲಸ, 40 ನಿಮಿಷ ಓವನ್ | 2 ನಿಮಿಷ | 20 ನಿಮಿಷ | ಬೇಕಾದಾಗ ಬೇಕಾದಷ್ಟು ಬಿಸಿ ಮಾಡಬಹುದು |
| ನೆನೆಸಿಟ್ಟ ಓಟ್ಸ್ | 10 ನಿಮಿಷ | 2 ನಿಮಿಷ | ತಕ್ಷಣ | ಫ್ರಿಜ್ಜಿನಲ್ಲಿ ಇಡೀ ದಿನ |

ಬ್ರೆಡ್-ಮೊಟ್ಟೆ ಬೇಕ್

ಎಲ್ಲರೂ ಒಂದೇ ಹೊತ್ತಿಗೆ ಕೂತು ತಿನ್ನುವ ಮನೆಗೆ ನಮ್ಮ ಮೊದಲ ಆಯ್ಕೆ ಇದು. ರಾತ್ರಿಯಿಡೀ ನೆನೆಯುವುದರಿಂದ ಕೆಡುವ ಬದಲು ಸುಧಾರಿಸುವ ತಿಂಡಿಗಳು ಕಡಿಮೆ. ಅವುಗಳಲ್ಲಿ ಇದೊಂದು.

ಆರು ಮಂದಿಗೆ, 33×23 ಸೆಂಟಿಮೀಟರಿನ, 5 ಸೆಂಟಿಮೀಟರ್ ಆಳದ ಪಾತ್ರೆಗೆ ಅಳತೆ ಹೀಗೆ: ಬ್ರೆಡ್ 450 ಗ್ರಾಂ, ಮೊಟ್ಟೆ 8, ಹಾಲು 700 ಮಿಲಿ, ತುರಿದ ಚೀಸ್ 150 ಗ್ರಾಂ, ಬೇಯಿಸಿ ನೀರು ತೆಗೆದ ತರಕಾರಿ 300 ಗ್ರಾಂ, ಉಪ್ಪು 1 ಟೀ ಚಮಚ, ಕಾಳುಮೆಣಸಿನ ಪುಡಿ ಅರ್ಧ ಟೀ ಚಮಚ. ಚೀಸ್ ಉಪ್ಪುಪ್ಪಾಗಿದ್ದರೆ ಉಪ್ಪನ್ನು ಮುಕ್ಕಾಲು ಚಮಚಕ್ಕೆ ಇಳಿಸಿ. ಮಂದಿ ಹೆಚ್ಚುಕಡಿಮೆಯಾದರೆ ಒಂದು ಮೊಟ್ಟೆಗೆ 55 ಗ್ರಾಂ ಬ್ರೆಡ್, 90 ಮಿಲಿ ಹಾಲು ಎಂದು ನೆನಪಿಟ್ಟುಕೊಂಡರೆ ಸಾಕು. ಮೂವರಿಗಾದರೆ ಎಲ್ಲವನ್ನೂ ಅರ್ಧ ಮಾಡಿ 20 ಸೆಂಟಿಮೀಟರಿನ ಚೌಕ ಪಾತ್ರೆಗೆ ಹಾಕಿ. ಚಿಕ್ಕ ಓವನ್ನಿನಲ್ಲಿ ಹಿಡಿಸುವುದೂ ಅದೇ.

ಬ್ರೆಡ್ ಹಳತಾಗಿರಬೇಕು. ಹೊಸ ಬ್ರೆಡ್ಡಿನೊಳಗೆ ಆಗಲೇ ತೇವ ತುಂಬಿರುತ್ತದೆ, ಅದು ಹಾಲು-ಮೊಟ್ಟೆಯನ್ನು ಸರಿಯಾಗಿ ಹೀರುವುದಿಲ್ಲ. ಹೀರದ ಮಿಶ್ರಣ ತಳಕ್ಕಿಳಿದು ಕೆಳಗೊಂದು ಆಮ್ಲೆಟ್ ಪದರ, ಮೇಲೊಂದು ಒದ್ದೆ ಬ್ರೆಡ್ ಪದರ ಆಗುತ್ತದೆ. ಹಳೆಯದು ಸಿಗದಿದ್ದರೆ ಎರಡೂವರೆ ಸೆಂಟಿಮೀಟರಿನ ತುಂಡು ಮಾಡಿ 150 ಡಿಗ್ರಿಯಲ್ಲಿ ಸುಮಾರು 15 ನಿಮಿಷ ಒಣಗಿಸಿ. ಮುಟ್ಟಿದರೆ ಮೇಲ್ಮೈ ಒಣಗಿರಬೇಕು, ಬಣ್ಣ ಬರಬಾರದು. ಅಂಚು ತೆಗೆಯುವ ಅಗತ್ಯವಿಲ್ಲ. ಅದಿದ್ದರೆ ತುಂಡುಗಳು ಮುದ್ದೆಯಾಗದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಚೀಲದಲ್ಲಿ ಬರುವ ಮೆತ್ತನೆಯ ಸ್ಯಾಂಡ್‌ವಿಚ್ ಬ್ರೆಡ್ ಬಳಸುವುದಾದರೆ ಒಣಗಿಸುವ ಹಂತವನ್ನು ಬಿಡಲೇಬಾರದು.

ತರಕಾರಿಯ ನೀರು ಇದರ ಎರಡನೆಯ ಶತ್ರು. ಹಸಿ ಅಣಬೆ, ಪಾಲಕ್, ಟೊಮೆಟೊ ಮೂರೂ ಓವನ್ನಿನೊಳಗೆ ನೀರು ಬಿಡುತ್ತವೆ. ಅಣಬೆಯನ್ನು ನೀರು ಪೂರ್ತಿ ಆರಿ ಬಾಣಲೆಯಲ್ಲಿ ಚುರುಗುಟ್ಟುವವರೆಗೆ ಹುರಿಯಿರಿ. ಪಾಲಕ್ಕನ್ನು ಬಾಡಿಸಿ, ಆರಿಸಿ, ಬಟ್ಟೆಯಲ್ಲಿ ಹಿಂಡಿ. ಟೊಮೆಟೊ ಬೇಕೇ ಬೇಕೆಂದರೆ ಬೀಜ ಮತ್ತು ರಸ ತೆಗೆದು ತಿರುಳನ್ನಷ್ಟೇ ಹಾಕಿ. ಈರುಳ್ಳಿ, ದೊಣ್ಣೆಮೆಣಸಿನಕಾಯಿಗಳನ್ನೂ ಮೆತ್ತಗಾಗುವವರೆಗೆ ಬಾಡಿಸಿದರೆ ಒಳ್ಳೆಯದು, ಇಲ್ಲದಿದ್ದರೆ ಮೆದುವಾದ ಬೇಕಿನ ನಡುವೆ ಕರುಮ್ಮೆನ್ನುತ್ತವೆ. ಹುರಿದದ್ದು ಆರಿದ ಮೇಲೆಯೇ ಪಾತ್ರೆಗೆ ಸೇರಲಿ.

ಬೆಣ್ಣೆ ಸವರಿದ ಪಾತ್ರೆಯಲ್ಲಿ ಅರ್ಧ ಬ್ರೆಡ್, ಅದರ ಮೇಲೆ ತರಕಾರಿಯೂ ಅರ್ಧ ಚೀಸೂ, ಮೇಲೆ ಉಳಿದ ಬ್ರೆಡ್. ಮೊಟ್ಟೆ, ಹಾಲು, ಉಪ್ಪು, ಮೆಣಸುಗಳನ್ನು ಎಳೆಯುಳಿಯದ ಹಾಗೆ ಕಲಕಿ ಮೇಲಿನಿಂದ ನಿಧಾನವಾಗಿ ಸುರಿಯಿರಿ. ಅಂಗೈಯಿಂದ ಒತ್ತಿ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಒತ್ತಿ. ಈ ಎರಡನೆಯ ಒತ್ತುವಿಕೆಯನ್ನು ಬಹುಮಂದಿ ಬಿಡುತ್ತಾರೆ. ಮೇಲಿನ ತುಂಡುಗಳು ಒಣಗಿ ಚಕ್ಕೆಯಂತಾಗುವುದು ಅದರಿಂದಲೇ. ಪ್ಲಾಸ್ಟಿಕ್ ಹಾಳೆಯನ್ನು ಬ್ರೆಡ್ಡಿಗೆ ತಾಗುವಂತೆ ಹೊದಿಸಿ ಫ್ರಿಜ್ಜಿನಲ್ಲಿಡಿ. ಎಂಟರಿಂದ ಹನ್ನೆರಡು ಗಂಟೆ ಹದವಾದ ನೆನೆ. ಇಪ್ಪತ್ತನಾಲ್ಕು ಗಂಟೆ ದಾಟಿದರೆ ಬ್ರೆಡ್ಡಿನ ಆಕಾರ ಕರಗಿ ಗಂಜಿಯ ಹಾಗಾಗುತ್ತದೆ.

ಬೆಳಿಗ್ಗೆ ಪಾತ್ರೆಯನ್ನು ಹೊರಗಿಟ್ಟು ಓವನ್ನನ್ನು 175 ಡಿಗ್ರಿಗೆ ಕಾಯಲು ಬಿಡಿ. ಓವನ್ನಿನೊಳಗೆ ಫ್ಯಾನ್ ಇದ್ದರೆ ಇಲ್ಲಿ ಕೊಟ್ಟ ಎಲ್ಲ ಉಷ್ಣತೆಗಳಿಂದ 20 ಡಿಗ್ರಿ ಕಳೆಯಿರಿ. ಪಾತ್ರೆ ಗಾಜಿನದಾದರೆ ಫ್ರಿಜ್ಜಿನಿಂದ ನೇರವಾಗಿ ಬಿಸಿ ಓವನ್ನಿಗೆ ಹೋಗಬಾರದು, ಸಿಡಿಯುವ ಅಪಾಯವಿದೆ. ಅರ್ಧ ಗಂಟೆ ಹೊರಗಿದ್ದರೆ ಗಾಜಿನ ತಣ್ಣಗೆ ಇಳಿಯುತ್ತದೆ, ನಡುಭಾಗವೂ ಸಮವಾಗಿ ಬೇಯುತ್ತದೆ. ಫಾಯಿಲ್ ಮುಚ್ಚಿ 30 ನಿಮಿಷ ಬೇಯಿಸಿ. ಫಾಯಿಲ್ ತೆಗೆದು ಉಳಿದ ಚೀಸ್ ಉದುರಿಸಿ ಮತ್ತೆ 20–25 ನಿಮಿಷ. ಮೊದಲೇ ಚೀಸ್ ಹಾಕಿದರೆ ಅದು ಫಾಯಿಲಿಗೆ ಅಂಟಿ ಫಾಯಿಲಿನ ಜೊತೆಗೇ ಎದ್ದುಬರುತ್ತದೆ. ಅರ್ಧ ಅಳತೆಯದಕ್ಕೆ ಒಟ್ಟು 35–40 ನಿಮಿಷ ಸಾಕಾಗುತ್ತದೆ.

ಬೆಂದಿದೆಯೋ ಇಲ್ಲವೋ ನೋಡಲು ನಡುವಿಗೆ ಚಾಕು ಚುಚ್ಚಿ. ಹಾಲಿನಂಥ ದ್ರವ ಅಂಟಿಕೊಳ್ಳಬಾರದು. ಥರ್ಮಾಮೀಟರ್ ಇದ್ದರೆ ಇನ್ನೂ ಸುಲಭ: ಮೊಟ್ಟೆಯ ತಿಂಡಿಗೆ ನಡುವಿನ ಉಷ್ಣತೆ ಕನಿಷ್ಠ 71 ಡಿಗ್ರಿ ತಲುಪಲೇಬೇಕು, 75ರ ಸುಮಾರಿಗೆ ಇಳಿಸಿದರೆ ಹದ ಚೆನ್ನಾಗಿರುತ್ತದೆ. 85 ದಾಟಿದರೆ ಮೊಟ್ಟೆ ಬಿಗಿದು ನೀರು ಕಾರುತ್ತದೆ. ಇಳಿಸಿದ ಮೇಲೆ ಹತ್ತು ನಿಮಿಷ ಮುಟ್ಟಬೇಡಿ, ಆಗಲೇ ತುಂಡು ಚೊಕ್ಕವಾಗಿ ಬರುವುದು.

ತಳದಲ್ಲಿ ನೀರು ನಿಂತಿದ್ದರೆ ಕಾರಣ ಪತ್ತೆ ಹಚ್ಚುವುದು ಕಷ್ಟವಲ್ಲ. ನೀರಿಗೆ ತರಕಾರಿಯ ಬಣ್ಣವಿದ್ದರೆ ತಪ್ಪು ತರಕಾರಿಯದು. ನೀರು ತಿಳಿಯಾಗಿದ್ದು ತುಂಡಿನ ಒಳಗೆಲ್ಲ ಸಣ್ಣ ತೂತುಗಳಿದ್ದರೆ ಹೆಚ್ಚು ಬೆಂದಿದೆ. ಮೇಲೆ ಕಂದಾಗಿ ನಡು ಹಸಿಯಾಗಿದ್ದರೆ ಪಾತ್ರೆ ತೀರಾ ಆಳ ಅಥವಾ ತೀರಾ ತಣ್ಣಗಿತ್ತು. ಮತ್ತೆ ಫಾಯಿಲ್ ಮುಚ್ಚಿ 160 ಡಿಗ್ರಿಗೆ ಇಳಿಸಿ ಇನ್ನೊಂದು ಕಾಲು ಗಂಟೆ ಬೇಯಿಸಿದರೆ ಸರಿಹೋಗುತ್ತದೆ.

ಮೊಟ್ಟೆ ತಿನ್ನದವರು ಹಾಲಿಗೆ ಕಾರ್ನ್‌ಫ್ಲೋರ್ ಬೆರೆಸಿ ನೇರವಾಗಿ ಬ್ರೆಡ್ಡಿಗೆ ಸುರಿದರೆ ಬೇಕ್ ಕೂಡಿಕೊಳ್ಳುವುದಿಲ್ಲ. ಕಾರ್ನ್‌ಫ್ಲೋರ್ ಪೂರ್ತಿ ಗಟ್ಟಿಯಾಗಲು 95 ಡಿಗ್ರಿಯಷ್ಟು ಬಿಸಿ ಬೇಕು, ಬೇಕಿನ ನಡುಭಾಗ ಅಲ್ಲಿಗೆ ಹೋಗುವಷ್ಟರಲ್ಲಿ ಅಂಚು ಒಣಗಿರುತ್ತದೆ. ಹಾಗಾಗಿ ಸಾಸನ್ನು ರಾತ್ರಿಯೇ ಒಲೆಯ ಮೇಲೆ ಬೇಯಿಸಿಕೊಳ್ಳಿ: 600 ಮಿಲಿ ಹಾಲಿನಲ್ಲಿ ಸ್ವಲ್ಪ ತೆಗೆದು 40 ಗ್ರಾಂ ಕಾರ್ನ್‌ಫ್ಲೋರ್ ಕದಡಿ, ಉಳಿದ ಹಾಲು ಕುದಿ ಬಂದಾಗ ಸೇರಿಸಿ, ಗುಳ್ಳೆ ಬರುವವರೆಗೆ ಕೈಬಿಡದೆ ತಿರುಗಿಸಿ, ಆರಿಸಿ. ಗಟ್ಟಿ ಸಾಸ್ ಬ್ರೆಡ್ಡಿನೊಳಗೆ ಇಳಿಯುವುದು ನಿಧಾನ, ಆದ್ದರಿಂದ ಮೊದಲು 200 ಮಿಲಿ ಬರೀ ಹಾಲನ್ನು ಬ್ರೆಡ್ಡಿನ ಮೇಲೆ ಚಿಮುಕಿಸಿ, ಆಮೇಲೆ ಸಾಸ್ ಹರಡಿ. ಇದು ಮೊಟ್ಟೆಯದರಂತೆ ಉಬ್ಬುವುದಿಲ್ಲ. ಕತ್ತರಿಸುವ ಮೊದಲು 20 ನಿಮಿಷ ಆರಲೂ ಬೇಕು. ಆದರೂ ರುಚಿಯಲ್ಲಿ ಮೊಟ್ಟೆಯದಕ್ಕೆ ಸೋಲುವಂಥದ್ದಲ್ಲ.

ಸಿಹಿ ಬೇಕಾದವರು ತರಕಾರಿ, ಚೀಸ್, ಮೆಣಸು ಬಿಟ್ಟು ಸಕ್ಕರೆ 60 ಗ್ರಾಂ, ವೆನಿಲಾ 2 ಟೀ ಚಮಚ, ದಾಲ್ಚಿನ್ನಿ ಪುಡಿ 1 ಟೀ ಚಮಚ ಹಾಕಿ, ಉಪ್ಪನ್ನು ಒಂದು ಚಿಟಿಕೆಗೆ ಇಳಿಸಬಹುದು. ಬೆಣ್ಣೆ-ಹಾಲು ಹಾಕಿ ಮಾಡಿದ ಸಿಹಿ ಬ್ರೆಡ್ ಆದರೆ ಹಾಲು 600 ಮಿಲಿ ಸಾಕು. ಮೇಲಿನ ಗರಿಗರಿ ಪುಡಿಗೆ ಬೆಣ್ಣೆ 60, ಮೈದಾ 60, ಸಕ್ಕರೆ 80 ಗ್ರಾಂಗಳನ್ನು ಬೆರಳಲ್ಲಿ ಉದುರುದುರಾಗಿ ಉಜ್ಜಿ ಬೇರೆ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ರಾತ್ರಿಯೇ ಉದುರಿಸಿದರೆ ಸಕ್ಕರೆ ತೇವ ಎಳೆದುಕೊಂಡು ಪಾಕವಾಗಿ ಇಳಿದುಹೋಗುತ್ತದೆ. ಓವನ್ನಿಗೆ ಇಡುವ ಕ್ಷಣದಲ್ಲಿ ಹಾಕಿ, ಫಾಯಿಲ್ ಮುಚ್ಚಬೇಡಿ. ಮೇಲ್ಭಾಗ ಬೇಗ ಕಂದಾಗತೊಡಗಿದರೆ ಮಾತ್ರ ಕೊನೆಯಲ್ಲಿ ಸಡಿಲವಾಗಿ ಮುಚ್ಚಿ.

ದಾಲ್ಚಿನ್ನಿ ರೋಲ್

ಮನೆಯೆಲ್ಲ ಪರಿಮಳ ಹರಡುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಕೆಲಸದಲ್ಲೂ ಇದೇ ಎಲ್ಲಕ್ಕಿಂತ ಹೆಚ್ಚು. ಹಿಟ್ಟು ನಾದುವುದು ಇಷ್ಟವಿಲ್ಲದವರು ಈ ಭಾಗವನ್ನು ಧಾರಾಳವಾಗಿ ದಾಟಿಹೋಗಬಹುದು.

ಹನ್ನೆರಡು ರೋಲಿಗೆ ಮೈದಾ 500 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಸಕ್ಕರೆ 70 ಗ್ರಾಂ, ಉಪ್ಪು 8 ಗ್ರಾಂ, ಉಗುರುಬೆಚ್ಚನೆಯ ಹಾಲು 240 ಮಿಲಿ, ಮೊಟ್ಟೆ 1, ಮೆತ್ತಗಿನ ಬೆಣ್ಣೆ 80 ಗ್ರಾಂ. ಅದೇ ದಿನ ಬೇಯಿಸುವ ರೋಲಿಗೆ ಸಾಮಾನ್ಯವಾಗಿ 7 ಗ್ರಾಂ ಯೀಸ್ಟ್ ಹಾಕುತ್ತಾರೆ. ರಾತ್ರಿಯಿಡೀ ಕಾಯುವುದಕ್ಕೆ ಅಷ್ಟು ಬೇಡ. ಹಾಲು ಕೈಗೆ ಸುಡುವಷ್ಟು ಬಿಸಿಯಿದ್ದರೆ ಯೀಸ್ಟ್ ಸಾಯುತ್ತದೆ, 40 ಡಿಗ್ರಿ ಮೀರದಿರಲಿ. ಬೆಣ್ಣೆಯನ್ನು ಕೊನೆಗೆ, ಹಿಟ್ಟು ಒಂದು ರೂಪಕ್ಕೆ ಬಂದ ಮೇಲೆ ಸೇರಿಸಿ ಹತ್ತು ನಿಮಿಷ ನಾದಿ. ಬೆಚ್ಚಗಿನ ಜಾಗದಲ್ಲಿ ಎರಡು ಪಟ್ಟಾಗುವವರೆಗೆ ಬಿಡಿ. ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ.

30×45 ಸೆಂಟಿಮೀಟರಿಗೆ ಲಟ್ಟಿಸಿ 60 ಗ್ರಾಂ ಮೆತ್ತಗಿನ ಬೆಣ್ಣೆ ಸವರಿ, 100 ಗ್ರಾಂ ಕಂದು ಸಕ್ಕರೆಗೆ ಒಂದೂವರೆ ದೊಡ್ಡ ಚಮಚ ದಾಲ್ಚಿನ್ನಿ ಪುಡಿ ಬೆರೆಸಿ ಹರಡಿ. ಬೆಣ್ಣೆ ಕರಗಿಸಿದ್ದಾಗಿರಬಾರದು. ಕರಗಿದ್ದು ಸಕ್ಕರೆಯನ್ನೂ ಎಳೆದುಕೊಂಡು ತಳಕ್ಕೆ ಸೋರಿ ಅಲ್ಲಿ ಸುಟ್ಟು ಕಲ್ಲಾಗುತ್ತದೆ. ದಾಲ್ಚಿನ್ನಿಯನ್ನು ಹಿಟ್ಟಿನೊಳಗೇ ಕಲಸುವ ಆಸೆಯೂ ಬೇಡ, ಅದು ಹೆಚ್ಚಾದರೆ ಯೀಸ್ಟಿನ ಕೆಲಸಕ್ಕೆ ಅಡ್ಡ ಬರುತ್ತದೆ. ಉದ್ದನೆಯ ಬದಿಯಿಂದ ಸುರುಳಿ ಸುತ್ತಿ, ದಾರವನ್ನು ಕೆಳಗಿನಿಂದ ಹಾಯಿಸಿ ಮೇಲೆ ಅಡ್ಡಹಾಯಿಸಿ ಎಳೆದು ಹನ್ನೆರಡು ತುಂಡು ಮಾಡಿ. ಚಾಕು ಸುರುಳಿಯನ್ನು ಜಜ್ಜುತ್ತದೆ. ದಾರ ಹಾಗೆ ಮಾಡುವುದಿಲ್ಲ.

ಮಾಡಿದ ಕೂಡಲೇ ಬಿಗಿಯಾಗಿ ಮುಚ್ಚಿ ಫ್ರಿಜ್ಜಿಗೆ ಹೋಗಲಿ. “ಇನ್ನೊಂದಿಷ್ಟು ಉಬ್ಬಲಿ” ಎಂದು ಹೊರಗೆ ಬಿಡುವುದು ಇಲ್ಲಿನ ದೊಡ್ಡ ತಪ್ಪು. ಫ್ರಿಜ್ ಯೀಸ್ಟನ್ನು ನಿಧಾನಗೊಳಿಸುತ್ತದೆಯೇ ಹೊರತು ಒಮ್ಮೆಗೇ ನಿಲ್ಲಿಸುವುದಿಲ್ಲ. ಹಿಟ್ಟಿನ ಒಡಲು ತಣ್ಣಗಾಗುವವರೆಗೂ ಉಬ್ಬುತ್ತಲೇ ಇರುತ್ತದೆ. ಆಗಲೇ ಉಬ್ಬಿದ್ದನ್ನು ಒಳಗಿಟ್ಟರೆ ಬೆಳಿಗ್ಗೆ ಮಿತಿಮೀರಿ ಉಬ್ಬಿ, ಓವನ್ನಿನಲ್ಲಿ ಕುಸಿದು, ಹುಳಿ ವಾಸನೆ ಬರುತ್ತದೆ. ಎಂಟರಿಂದ ಹದಿನಾಲ್ಕು ಗಂಟೆ ಇಡಬಹುದು.

ಬೆಳಿಗ್ಗೆ ಮುಚ್ಚಳ ತೆಗೆಯದೆ ಹೊರಗಿಟ್ಟು ಒಂದೂವರೆ ಗಂಟೆ ಕಾಯಬೇಕು. ಇದನ್ನು ಬೇಗ ಮುಗಿಸಲು ಆರಿಸಿದ ಓವನ್ನಿನ ಕೆಳಗಿನ ತಟ್ಟಿನಲ್ಲಿ ಕುದಿಯುವ ನೀರಿನ ಪಾತ್ರೆ ಇಟ್ಟು, ಮೇಲಿನ ತಟ್ಟಿನಲ್ಲಿ ರೋಲುಗಳನ್ನಿಟ್ಟು ಬಾಗಿಲು ಹಾಕಿದರೆ ಒಂದು ಗಂಟೆಯೊಳಗೆ ಆಗುತ್ತದೆ. ಓವನ್ ಕಾಯಿಸುವ ಮೊದಲು ಎರಡನ್ನೂ ಹೊರಗೆ ತೆಗೆಯಲು ಮರೆಯಬೇಡಿ. ಬೆರಳ ತುದಿಯಿಂದ ಒತ್ತಿದ ಗುಳಿ ನಿಧಾನವಾಗಿ ಅರ್ಧ ಮಾತ್ರ ಮೇಲೇಳಬೇಕು. ಥಟ್ಟನೆ ಎದ್ದರೆ ಇನ್ನೂ ಹೊತ್ತಿದೆ, ಏಳದೇ ಇದ್ದರೆ ತಡವಾಗಿದೆ. 180 ಡಿಗ್ರಿಯಲ್ಲಿ 22–28 ನಿಮಿಷ. ಅಂಚಿನ ರೋಲ್ ಬೆಂದಂತೆ ಕಂಡರೂ ನಡುವಿನದು ಹಸಿಯಿರಬಹುದು, ಅದರ ಒಳಗೆ 88 ಡಿಗ್ರಿ ಬಂದಿರಬೇಕು.

ಅಷ್ಟು ಬೇಗ ಏಳಲು ಮನಸ್ಸಿಲ್ಲದವರು ರಾತ್ರಿಯೇ ಪೂರ್ತಿ ಬೇಯಿಸಿ, ಆರಿದ ಮೇಲೆ ಬಿಗಿಯಾಗಿ ಸುತ್ತಿ ಹೊರಗೇ ಇಟ್ಟು, ಬೆಳಿಗ್ಗೆ ಫಾಯಿಲ್ ಮುಚ್ಚಿ 160 ಡಿಗ್ರಿಯಲ್ಲಿ ಕಾಲು ಗಂಟೆ ಬಿಸಿ ಮಾಡಬಹುದು. ಬೆಂದ ರೋಲನ್ನು ಫ್ರಿಜ್ಜಿನಲ್ಲಿಡಬೇಡಿ. ಬೆಂದ ಹಿಟ್ಟಿನ ತಿಂಡಿ ಹೊರಗಿಗಿಂತ ಫ್ರಿಜ್ಜಿನ ತಣ್ಣಗೆಯಲ್ಲಿ ಬೇಗ ಗಡುಸಾಗುತ್ತದೆ. ನಿಜ ಹೇಳಬೇಕೆಂದರೆ ಹೀಗೆ ಬಿಸಿ ಮಾಡಿದ ರೋಲಿಗೂ ಆಗಷ್ಟೇ ಬೆಂದದ್ದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ಆದರೆ ಸುಖವಾಗಿ ಮಲಗಿದ ಎರಡು ಗಂಟೆಗೂ ಬೆಲೆಯಿದೆಯಲ್ಲ.

ಬೇಕ್ ಮಾಡಿದ ಓಟ್ಸ್

ನೋಡಲು ಸಾದಾ, ಆದರೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಏಳುವ ಮನೆಗೆ ಇದಕ್ಕಿಂತ ಅನುಕೂಲದ್ದು ಇಲ್ಲ. ರಾತ್ರಿಯೇ ಪೂರ್ತಿ ಬೆಂದಿರುತ್ತದೆ. ಎದ್ದವರು ತಮ್ಮ ತುಂಡನ್ನು ತಾವೇ ಬಿಸಿ ಮಾಡಿಕೊಳ್ಳುತ್ತಾರೆ.

20 ಸೆಂಟಿಮೀಟರ್ ಚೌಕದ ಪಾತ್ರೆಗೆ ರೋಲ್ಡ್ ಓಟ್ಸ್ 200 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಬೇರೆ ಬಟ್ಟಲಿನಲ್ಲಿ ಹಾಲು 450 ಮಿಲಿ, ಮೊಟ್ಟೆ 2, ಕಂದು ಸಕ್ಕರೆ 60 ಗ್ರಾಂ, ಕರಗಿಸಿದ ಬೆಣ್ಣೆ 40 ಗ್ರಾಂ. ಹಾಲು ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಾಗಿದ್ದರೆ ಬೆಣ್ಣೆ ಬಿದ್ದ ತಕ್ಷಣ ಹೆಪ್ಪುಗಟ್ಟಿ ಗಂಟಾಗುತ್ತದೆ. ಒಂದಿಷ್ಟು ಹೊರಗಿಟ್ಟು ಬಳಸಿ. ಎರಡನ್ನೂ ಕೂಡಿಸಿ, 150 ಗ್ರಾಂ ಹಣ್ಣು, ಒಂದು ಹಿಡಿ ಬೀಜಗಳನ್ನು ಸೇರಿಸಿ 180 ಡಿಗ್ರಿಯಲ್ಲಿ 35–40 ನಿಮಿಷ ಬೇಯಿಸಿದರೆ ಆರು ತುಂಡು. ಮೊಟ್ಟೆ ಬೇಡದಿದ್ದರೆ ಕಳಿತ ಎರಡು ಬಾಳೆಹಣ್ಣುಗಳನ್ನು ಕಿವುಚಿ ಹಾಕಿ, ಹಾಲನ್ನು 400 ಮಿಲಿಗೆ ಇಳಿಸಿ.

ಇನ್‌ಸ್ಟಂಟ್ ಓಟ್ಸ್ ಇಲ್ಲಿ ಬೇಡ, ಅಂಟಂಟಾಗಿ ಹಸಿಹಿಟ್ಟಿನಂತಾಗುತ್ತದೆ. ಹಾಗೆಯೇ ಎಲ್ಲವನ್ನೂ ಕಲಸಿ ಬೇಯಿಸದೆ ರಾತ್ರಿಯಿಡೀ ಇಡುವುದನ್ನೂ ನಾವು ಒಪ್ಪುವುದಿಲ್ಲ. ಒದ್ದೆಯಾದ ಬೇಕಿಂಗ್ ಪೌಡರ್ ತನ್ನ ಶಕ್ತಿಯ ಒಂದು ಪಾಲನ್ನು ಫ್ರಿಜ್ಜಿನಲ್ಲೇ ಕಳೆದುಕೊಳ್ಳುತ್ತದೆ, ಓಟ್ಸ್ ಹಾಲನ್ನೆಲ್ಲ ಕುಡಿದುಬಿಡುತ್ತದೆ, ಬೆಳಿಗ್ಗೆ ಬೇಯಿಸಿದರೆ ಸಿಗುವುದು ಒತ್ತೊತ್ತಾದ ಗಟ್ಟಿ ಹಲಗೆ.

ಬಿಸಿ ಮಾಡುವಾಗ ಪ್ರತಿ ತುಂಡಿಗೆ ಒಂದು ದೊಡ್ಡ ಚಮಚ ಹಾಲು ಚಿಮುಕಿಸಿ. ಓವನ್ ಆದರೆ ಫಾಯಿಲ್ ಮುಚ್ಚಿ 160 ಡಿಗ್ರಿಯಲ್ಲಿ 15–20 ನಿಮಿಷ, ಮೈಕ್ರೋವೇವ್ ಆದರೆ ಒಂದು ನಿಮಿಷದ ಆಚೀಚೆ. ಫ್ರಿಜ್ಜಿನಲ್ಲಿ ಮೂರು ದಿನ, ಫ್ರೀಜರಿನಲ್ಲಿ ಬಿಡಿ ತುಂಡುಗಳಾಗಿ ಸುತ್ತಿಟ್ಟರೆ ಎರಡು ತಿಂಗಳು ಚೆನ್ನಾಗಿರುತ್ತದೆ.

ನೆನೆಸಿಟ್ಟ ಓಟ್ಸ್

ಹೇಳಬೇಕಾದ್ದು ಕಡಿಮೆ. ಒಬ್ಬರಿಗೆ ರೋಲ್ಡ್ ಓಟ್ಸ್ 50 ಗ್ರಾಂ, ಹಾಲು 120 ಮಿಲಿ, ಮೊಸರು 60 ಗ್ರಾಂ, ಚಿಯಾ ಬೀಜ 2 ಟೀ ಚಮಚ, ಒಂದು ಚಿಟಿಕೆ ಉಪ್ಪು, ರುಚಿಗೆ ಜೇನು. ಒಂದು ವರ್ಷದೊಳಗಿನ ಮಗುವಿಗೆ ಕೊಡುವುದಾದರೆ ಜೇನು ಹಾಕಲೇಬಾರದು. ಕಲಸಿದ ಹತ್ತು ನಿಮಿಷಕ್ಕೆ ಇನ್ನೊಮ್ಮೆ ಕಲಕಿ, ಇಲ್ಲದಿದ್ದರೆ ಚಿಯಾ ತಳದಲ್ಲಿ ಗಂಟಾಗಿ ಕೂರುತ್ತದೆ. ಆರು ಗಂಟೆ ನೆಂದರೆ ತಯಾರು.

ಹಣ್ಣಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹಸಿ ಅನಾನಸ್, ಪಪ್ಪಾಯಿ, ಕಿವಿ ಹಣ್ಣುಗಳಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವಗಳಿರುತ್ತವೆ. ಇವು ರಾತ್ರಿಯಿಡೀ ಹಾಲು-ಮೊಸರಿನ ಜೊತೆಗಿದ್ದರೆ ಬೆಳಿಗ್ಗೆಗೆ ಕಹಿ. ತಿನ್ನುವಾಗ ಹಾಕಿಕೊಳ್ಳಿ, ಅಥವಾ ಡಬ್ಬಿಯಲ್ಲಿ ಬರುವ ಅನಾನಸ್ ಬಳಸಿ, ಅದನ್ನು ಬಿಸಿ ಮಾಡಿರುವುದರಿಂದ ಕಿಣ್ವ ನಾಶವಾಗಿರುತ್ತದೆ. ಬಾಳೆ, ಸೇಬು ಕಪ್ಪಾಗುತ್ತವೆ, ಗೋಡಂಬಿ-ಬಾದಾಮಿ ಮೆತ್ತಗಾಗುತ್ತವೆ. ಅವೂ ಬೆಳಿಗ್ಗೆಯೇ ಸೇರಲಿ. ಒಣದ್ರಾಕ್ಷಿಯನ್ನು ರಾತ್ರಿಯೇ ಹಾಕಿದರೆ ಉಬ್ಬಿ ರಸವತ್ತಾಗುತ್ತದೆ.

ಚಳಿಯ ಬೆಳಿಗ್ಗೆ ತಣ್ಣನೆಯ ಬಟ್ಟಲು ಎಲ್ಲರಿಗೂ ಹಿಡಿಸುವುದಿಲ್ಲ. ಬಿಸಿ ಮಾಡಿದರೆ ಮೊಸರು ಒಡೆಯುತ್ತದೆ, ಬಿಸಿಯಾಗಿ ತಿನ್ನುವ ಯೋಚನೆಯಿದ್ದರೆ ಮೊಸರಿನ ಜಾಗದಲ್ಲೂ ಹಾಲನ್ನೇ ಹಾಕಿ.

ಪಟ್ಟಿಯಿಂದ ಬಿಟ್ಟದ್ದು

ಕಪ್ಪುಗಳಲ್ಲಿ ಬೇಯಿಸುವ ಮೊಟ್ಟೆ ಮಫಿನ್ ಚಿತ್ರದಲ್ಲಿ ಚೆಂದ. ಬ್ರೆಡ್ಡಿನ ಆಸರೆ ಇಲ್ಲದ ಮೊಟ್ಟೆ ಎರಡನೆಯ ಬಿಸಿಗೆ ಇನ್ನಷ್ಟು ಬಿಗಿದು ರಬ್ಬರಾಗುತ್ತದೆ. ಪ್ಯಾನ್‌ಕೇಕ್ ಹಿಟ್ಟನ್ನು ರಾತ್ರಿಯೇ ಕಲಸಿಟ್ಟರೆ ಬೇಕಿಂಗ್ ಪೌಡರಿನ ಅದೇ ತೊಂದರೆ. ಒಣ ಮಿಶ್ರಣ, ಹಸಿ ಮಿಶ್ರಣ ಬೇರೆಬೇರೆ ಇಟ್ಟು ಆ ತೊಂದರೆ ತಪ್ಪಿಸಬಹುದು ನಿಜ, ಆದರೆ ಒಂದೊಂದಾಗಿ ಹುಯ್ದು ತೆಗೆಯಲು ಬೆಳಿಗ್ಗೆ ಒಬ್ಬರು ಒಲೆಯ ಮುಂದೆ ನಿಲ್ಲಲೇಬೇಕಾಗುತ್ತದೆ.

ರಾತ್ರಿ ಇಡುವಾಗ, ಬೆಳಿಗ್ಗೆ ಬೇಯಿಸುವಾಗ

ಕೆಲವು ಓವನ್ನುಗಳಲ್ಲಿ ಇಂತಿಷ್ಟು ಹೊತ್ತಿಗೆ ತಾನೇ ಶುರುವಾಗುವ ಟೈಮರ್ ಇರುತ್ತದೆ. ಹಸಿ ಮೊಟ್ಟೆ-ಹಾಲಿನ ಪಾತ್ರೆಯನ್ನು ರಾತ್ರಿಯೇ ಓವನ್ನಿನೊಳಗಿಟ್ಟು ಟೈಮರ್ ತಿರುಗಿಸಿ ಮಲಗುವುದು ಜಾಣತನವೆನಿಸಿದರೂ ಹಾಗೆ ಮಾಡಲೇಬೇಡಿ. ಇಂಥ ಮಿಶ್ರಣ ಫ್ರಿಜ್ಜಿನ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಬೆಳಿಗ್ಗೆ ಹೊರಗಿಡುವ ಅರ್ಧ ಗಂಟೆಯೂ ಈ ಲೆಕ್ಕದೊಳಗೇ ಬರಬೇಕು. ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಲಿ. ಹಬ್ಬದ ಸಾಮಾನು ತುಂಬಿ ಬಾಗಿಲು ಮತ್ತೆ ಮತ್ತೆ ತೆರೆದ ದಿನ ಅದು ಮೇಲೇರಿರುವುದುಂಟು. ಬಾಗಿಲಿನ ಬದಿಯ ಬದಲು ಒಳಗಿನ ತಟ್ಟಿನಲ್ಲಿ ಇಡಿ. ಅದಕ್ಕೂ ಮೊದಲು ಪಾತ್ರೆ ಸಮತಟ್ಟಾಗಿ ಕೂರುವಷ್ಟು ಜಾಗ ಇದೆಯೇ ಎಂದು ಖಾಲಿ ಪಾತ್ರೆಯನ್ನಿಟ್ಟು ನೋಡಿಕೊಳ್ಳಿ. ಎಂಟು ಮೊಟ್ಟೆ ಒಡೆದ ಮೇಲೆ ತಟ್ಟು ಖಾಲಿ ಮಾಡುತ್ತ ಕೂರುವುದು ಬೇಡ.

ಬ್ರೆಡ್-ಮೊಟ್ಟೆ ಬೇಕ್ ಮಿಕ್ಕರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ದಿನದೊಳಗೆ ಮುಗಿಸಿ. ಮತ್ತೆ ಬಿಸಿ ಮಾಡುವಾಗ ನಡುವಿನವರೆಗೂ 74 ಡಿಗ್ರಿ ಬರಬೇಕು. ಮೈಕ್ರೋವೇವಿಗಿಂತ ಬೆಣ್ಣೆ ಹಚ್ಚಿದ ಬಾಣಲೆಯಲ್ಲಿ ಮುಚ್ಚಿಟ್ಟು ಎರಡೂ ಬದಿ ಬಿಸಿ ಮಾಡಿದರೆ ರುಚಿ, ಅಂಚು ಗರಿಗರಿಯಾಗುತ್ತದೆ.

ಓವನ್ ಇಲ್ಲದವರಿಗೂ ಬ್ರೆಡ್ ಬೇಕ್ ಸಾಧ್ಯ. ಅರ್ಧ ಅಳತೆ ಹಾಕಿ, ದಪ್ಪ ತಳದ 20 ಸೆಂಟಿಮೀಟರ್ ಬಾಣಲೆಗೆ ಧಾರಾಳವಾಗಿ ಬೆಣ್ಣೆ ಸವರಿ, ಕೆಳಗೊಂದು ಕಾವಲಿ ಇಟ್ಟು, ಮುಚ್ಚಿ, ಅತಿ ಸಣ್ಣ ಉರಿಯಲ್ಲಿ 35–40 ನಿಮಿಷ. ಮೇಲ್ಭಾಗಕ್ಕೆ ಬಣ್ಣ ಬರುವುದಿಲ್ಲ, ತಳ ಚೆನ್ನಾಗಿ ಕಂದಾಗಿರುತ್ತದೆ, ತಟ್ಟೆಗೆ ಕವುಚಿ ಬಡಿಸಿ. ಇಲ್ಲವಾದರೆ ಫಾಯಿಲ್ ಮುಚ್ಚಿ ಹಬೆಯಲ್ಲಿ ಬೇಯಿಸಬಹುದು. ಫಾಯಿಲ್ ಇಲ್ಲದಿದ್ದರೆ ಮುಚ್ಚಳದ ಹನಿಗಳೆಲ್ಲ ಅದರ ಮೇಲೇ ಬೀಳುತ್ತವೆ.

ಹಾಗಾದರೆ ಯಾವುದು?

ಎಲ್ಲರೂ ಒಟ್ಟಿಗೆ ಕೂರುವುದು ಖಚಿತ, ಖಾರದ ತಿಂಡಿ ಬೇಕು ಎಂದಾದರೆ ಬ್ರೆಡ್-ಮೊಟ್ಟೆ ಬೇಕ್. ತಿನ್ನುವ ಹೊತ್ತಿಗೆ ಒಂದೂವರೆ ಗಂಟೆ ಮೊದಲು ಒಬ್ಬರು ಎದ್ದು ಪಾತ್ರೆಯನ್ನು ಹೊರಗಿಟ್ಟು ಓವನ್ ಹಚ್ಚಬೇಕು, ಆಮೇಲೆ ಬೇಕಾದರೆ ಮತ್ತೆ ಮಲಗಬಹುದು.

ಏಳುವ ಹೊತ್ತಿನ ಅಂತರ ಒಂದು ಗಂಟೆ ಮೀರಿದರೆ ಬೇಕ್ ಮಾಡಿದ ಓಟ್ಸ್. ಇದರಲ್ಲಿ ನಮಗೆ ಎರಡನೆಯ ಮಾತಿಲ್ಲ. ಖಾರದ್ದೇ ಬೇಕೆಂಬ ಹಟವಿದ್ದರೆ ಬ್ರೆಡ್ ಮಿಶ್ರಣವನ್ನು ಒಂದೇ ದೊಡ್ಡ ಪಾತ್ರೆಗೆ ಹಾಕುವ ಬದಲು ಓವನ್ನಿನಲ್ಲಿಡಬಹುದಾದ ಚಿಕ್ಕ ಬಟ್ಟಲುಗಳಿಗೆ ಹಂಚಿಡಿ. ಒಂದೊಂದೂ 20–25 ನಿಮಿಷದಲ್ಲಿ ಬೇಯುತ್ತದೆ, ಎದ್ದವರ ಬಟ್ಟಲು ಎದ್ದಾಗ ಓವನ್ನಿಗೆ ಹೋಗುತ್ತದೆ.

ರೋಲ್ ಆರಿಸುವವರು ಮೂರು ಪ್ರಶ್ನೆ ಕೇಳಿಕೊಳ್ಳಲಿ: ಹಿಂದಿನ ಸಂಜೆ ಎರಡೂವರೆ ಗಂಟೆ ಬಿಡುವಿದೆಯೇ, ಬೆಳಿಗ್ಗೆ ತಾನಾಗಿ ಬೇಗ ಎಚ್ಚರವಾಗುವವರು ಮನೆಯಲ್ಲಿದ್ದಾರೆಯೇ, ಈ ಹಿಟ್ಟನ್ನು ಮೊದಲೊಮ್ಮೆ ಸಾಮಾನ್ಯ ದಿನದಲ್ಲಿ ಮಾಡಿ ನೋಡಿದ್ದಾಗಿದೆಯೇ. ಮೂರಕ್ಕೂ ಹೌದು ಎಂದರೆ ಮಾಡಿ. ಮೂರನೆಯದಕ್ಕೆ ಇಲ್ಲ ಎಂದಿದ್ದರೆ ಈ ರಜೆಗೆ ಬೇಡ.

ಒಬ್ಬರೋ ಇಬ್ಬರೋ ಇರುವ ಮನೆಗೆ, ಅಥವಾ ಸೆಕೆಯ ಕಾಲಕ್ಕೆ, ನೆನೆಸಿಟ್ಟ ಓಟ್ಸ್ ಸಾಕು. ದೊಡ್ಡ ಮನೆಯಲ್ಲೂ ಅದರ ಒಂದೆರಡು ಡಬ್ಬಿ ಮಾಡಿಟ್ಟಿದ್ದರೆ ಮುಖ್ಯ ತಿಂಡಿ ಓವನ್ನಿನಲ್ಲಿರುವ ಆ ಒಂದೂವರೆ ಗಂಟೆ ಹಸಿದ ಮಕ್ಕಳನ್ನು ಸಂಭಾಳಿಸಲು ಅನುಕೂಲ. ಆಗ ಡಬ್ಬಿಗಳನ್ನು ಅರ್ಧ ಅಳತೆಯಲ್ಲೇ ತುಂಬಿ, ಇಲ್ಲವಾದರೆ ಬೇಕ್ ಇಳಿಯುವ ಹೊತ್ತಿಗೆ ಅವರ ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ.